ಅಕ್ಕಣಿಯ ಕಿಂಡಿ

ಏಳ್ಕುದ್ರು ದೇಶ, ನಡುಗುದ್ರು, ಬಾವಿಕೇರಿ
ಕಡಲೇರು ಶಕೆ ೧೪೬, ಜ್ಯೇಷ್ಠ ಮಾಸದ ನಲವತ್ತೊಂದನೆಯ ದಿನ, ಮಧ್ಯಾಹ್ನ

ಇನ್ನೂ ನಾಲ್ಕೈದು ತಲೆಮಾರು ಕಳೆದ ಮೇಲೆ ಹುಟ್ಟದವರ ಮಣೆಯ ಮೇಲೆ ಕೂರಲಿರುವವರಿಗೆ,

ತಾರೀಖು ಕಂಡು ನಗಬೇಡಿ. ಯಾವ ತಿಂಗಳಿಗೂ ನಲವತ್ತೊಂದು ದಿನ ಇರುವುದಿಲ್ಲವೆಂದು ನನಗೂ ಗೊತ್ತಿದೆ. ಮೊದಲ ಮಳೆ ಬಾವಿಕಟ್ಟೆಯನ್ನು ತೋಯಿಸುವ ತನಕ ಜ್ಯೇಷ್ಠ ಮುಗಿಯಕೂಡದೆಂದು ನಮ್ಮ ಹಿರಿಯರು ಕಟ್ಟಳೆ ಮಾಡಿದ್ದಾರೆ. ಮಳೆ ತಡವಾದರೆ ತಿಂಗಳು ಹಿಗ್ಗುತ್ತದೆ. ಇಂಥ ದಿನ ಹುಟ್ಟಿದ ಮಕ್ಕಳಿಗೆ ಕೆಟ್ಟ ವರ್ಷಗಳಲ್ಲಿ ಮಾತ್ರ ಹುಟ್ಟುಹಬ್ಬ. ಈ ವರ್ಷ ಕೆಟ್ಟದ್ದು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೂ ಕ್ಷಮೆ ಇರಲಿ. ನಾನು ಘಟ್ಟದ ಮೇಲಿನ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಲಿಸಿ ಓದಿದವನು. ದೇಶ ನಡೆಸುವವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಿದರೂ ನಡೆಯುತ್ತದೆ ಎಂಬ ವಿಚಾರಕ್ಕೆ ಹಿಂದಿನವರು ಹಾಗೆನ್ನುತ್ತಿದ್ದರು. ಆ ಇಂಗ್ಲಿಷು ಈಗ ನನ್ನ ತಲೆಯಲ್ಲಿ ತೂತುಬಿದ್ದ ಬಲೆಯ ಹಾಗಿದೆ, ದೊಡ್ಡ ಪದಗಳೆಲ್ಲ ನುಸುಳಿ ಹೋಗಿವೆ. ಸಸ್ಟೇನ್ ಎಂದು ಶುರುವಾಗುವ ಉದ್ದದ ಪದವೊಂದಿತ್ತು, ಅದರ ಬಾಲ ನೆನಪಾಗುತ್ತಿಲ್ಲ. ಅಕ್ಕಣಿ ಇದ್ದಿದ್ದರೆ, ಬಾಲ ಬಿಟ್ಟು ಮೀನು ತಿನ್ನಿ ಎನ್ನುತ್ತಿದ್ದಳು. ಅಕ್ಕಣಿ ನನ್ನ ಹೆಂಡತಿ. ತೀರಿಕೊಂಡು ಆರು ವರ್ಷವಾಯಿತು.

ನಿಮ್ಮ ಕಾಲಕ್ಕೆ ಏನು ಉಳಿದಿರುತ್ತದೋ ಏನು ಇರುವುದಿಲ್ಲವೋ ತಿಳಿಯದಾದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಕುದ್ರು ಎಂದರೆ ನೀರಿನ ನಡುವಿನ ನೆಲ. ದೇಶದ ಹೆಸರು ಏಳ್ಕುದ್ರು, ಇರುವುದು ಆರು. ಏಳನೆಯದು ನನ್ನ ಅಜ್ಜನ ಕಾಲದಲ್ಲೇ ನೀರಿನಡಿಗೆ ಹೋಯಿತು. ಹೆಸರು ಬದಲಾಯಿಸಿದರೆ ಕಡಲಿಗೆ ಇನ್ನಷ್ಟು ಧೈರ್ಯ ಬರುತ್ತದೆಂದು ಹಾಗೆಯೇ ಬಿಟ್ಟಿದ್ದೇವೆ. ಮನೆಗಳೆಲ್ಲ ಕಂಬದ ಮೇಲೆ. ಕೆಳಗೆ ದೋಣಿ, ಕೋಳಿ ಮತ್ತು ಮುದುಕರು. ಅಂಗಳಕ್ಕೊಂದು ಜೀಗುಜ್ಜೆ ಮರ, ಅದೇ ನಮ್ಮ ಅನ್ನ. ಅಕ್ಕಿ ಹಬ್ಬಕ್ಕೆ, ಜ್ವರಕ್ಕೆ. ಕುಡಿಯುವ ನೀರು ಬಾವಿಯದು. ಮಳೆನೀರು ಮರಳಿನೊಳಗೆ ಇಳಿದು, ಕಡಲಿನ ಉಪ್ಪುನೀರಿನ ಮೇಲೆ ಕಾಯಿಸಿದ ಹಾಲಿನ ಕೆನೆಯಂತೆ ತೇಲುತ್ತದೆ. ಅದನ್ನು ನಾವು ಸಿಹಿಪೊರೆ ಎನ್ನುತ್ತೇವೆ. ನಮ್ಮ ಇಡೀ ದೇಶ ಆ ಕೆನೆಯ ಮೇಲೆ ಬದುಕಿದೆ.

ಇನ್ನು ಹೆಸರುಗೋಡೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮುಳುಗುಗಾರರು ಹಳೆಯ ಕರಾವಳಿಯ ಮುಳುಗಿದ ಮನೆಗಳಿಂದ ಒಂದು ಮುರಕಲ್ಲು ಎತ್ತಿ ತರುತ್ತಾರೆ. ಅದರ ಮೇಲೆ ಹೆಸರು ಕೊರೆದು, ಚಿಪ್ಪಿನ ಸುಣ್ಣ ಮೆತ್ತಿ, ಕಡಲ ಬದಿಯ ಗೋಡೆಗೆ ಸೇರಿಸುತ್ತೇವೆ. ಸತ್ತವರು ಇದ್ದವರನ್ನು ಕಾಯುತ್ತಾರೆ ಎಂಬುದು ನಮ್ಮ ನಂಬಿಕೆ. ಅಲೆ ತಡೆಯುವುದಕ್ಕೂ ಒಳ್ಳೆಯದೇ ಆಯಿತು. ಇದಕ್ಕೊಂದು ನಿಯಮವಿದೆ: ಇಟ್ಟ ಕೈಯೇ ಎತ್ತಬೇಕು. ಕಲ್ಲು ಇಟ್ಟವರು ತಾವಾಗಿ ಕೈ ಹಾಕದೆ ಬೇರೆ ಯಾರೂ ಅದನ್ನು ಕದಲಿಸುವಂತಿಲ್ಲ. ಕದಲಿಸಿ ಎಂದು ಕೇಳುವಂತೆಯೂ ಇಲ್ಲ.

ಆ ಗೋಡೆಯಲ್ಲಿ, ನಡುಗುದ್ರಿನ ಹಳೆಯ ತೋಡು ಕಡಲು ಸೇರುವಲ್ಲಿ, ಒಂದು ಕಿಂಡಿ ಇತ್ತು. ಅದಕ್ಕೆ ಏರಿಸಿ ಇಳಿಸುವ ಹಲಗೆಯ ಬಾಗಿಲು. ಭರತದಲ್ಲಿ ಇಳಿಸಬೇಕು, ಇಳಿತದಲ್ಲಿ ಎತ್ತಬೇಕು. ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಅಕ್ಕಣಿಯದು. ಒಲೆಯ ಮೇಲೆ ಪಲ್ಯ ಬಿಟ್ಟು ಓಡುತ್ತಿದ್ದಳು. ನಾನು ಸೀದ ಪಲ್ಯ ತಿಂದು ದೇಶಸೇವೆ ಮಾಡಿದೆ. ಗಾಳಿಯ ದಿನಗಳಲ್ಲಿ ಅಲೆ ಗೋಡೆ ಹಾರಿ ಒಳಗೆ ಬೀಳುತ್ತಿತ್ತು, ಇಳಿತ ಬಂದೊಡನೆ ಅವಳು ಹಲಗೆ ಎತ್ತಿ ಆ ನೀರನ್ನೆಲ್ಲ ಹೊರಗೆ ಬಿಡುತ್ತಿದ್ದಳು. ಇಷ್ಟು ದೊಡ್ಡ ಗೋಡೆಗೆ ಈ ತೂತು ಯಾಕೆ ಎಂದು ಒಮ್ಮೆ ನಾನು ಕಾಲೇಜು ಓದಿದವನ ಗತ್ತಿನಲ್ಲಿ ಕೇಳಿದ್ದೆ.

"ಬಂದವ್ರಿಗ್ ಹೋಪುಕೂ ದಾರಿ ಬೇಕಲ್ದಾ" ಎಂದಿದ್ದಳು, ಕಾಲು ತೊಳೆಯುತ್ತ.

ಅವಳು ತೀರಿಕೊಂಡಾಗ ಆರೂ ಕುದ್ರುಗಳ ಜನ ಅತ್ತರು. ಸಭೆಯ ಯಜಮಾನ್ತಿ ಜೆಸಿಂತಾ ಬಾಯಿ ನನ್ನ ಕೈ ಹಿಡಿದು ಕಿಂಡಿಯ ಬಳಿಗೆ ಕರೆದುಕೊಂಡು ಹೋದರು. ಜೀವಮಾನವೆಲ್ಲ ಅಕ್ಕಣಿ ಕಾದ ಜಾಗ ಇದು, ಅವಳಿಗೆ ಇದಕ್ಕಿಂತ ಮರ್ಯಾದೆಯ ಜಾಗ ಇನ್ನೊಂದಿಲ್ಲ ಎಂದರು. ಎಲ್ಲರೂ ತಲೆದೂಗಿದರು, ನಾನೂ ತಲೆದೂಗಿದೆ. ಹಲಗೆ ಇಳಿಸಿ, ಅದು ಏರಿಳಿಯುವ ಸಂದಿನಲ್ಲೇ ಅವಳ ಕಲ್ಲನ್ನು ನನ್ನ ಕೈಯಾರೆ ಇಟ್ಟೆ, ಎಲ್ಲರೂ ಸೇರಿ ಸುಣ್ಣ ಮೆತ್ತಿದೆವು. ಬಾಗಿಲು ಕಾದವಳನ್ನು ಗೌರವಿಸಲು ಬಾಗಿಲನ್ನೇ ಮುಚ್ಚಿದೆವು. ಇಂಥ ತಪ್ಪು ಮಾಡಲು ದುಷ್ಟರಿಂದ ಆಗುವುದಿಲ್ಲ, ನಮ್ಮಂಥ ಒಳ್ಳೆಯ ಜನವೇ ಬೇಕು. ಬರುವ ವರ್ಷ ಬೇರೆ ಕಡೆ ಕಿಂಡಿ ಕೊರೆದರಾಯಿತು ಎಂದುಕೊಂಡರು. ಆದರೆ ಬೇರೆ ಕಡೆಯೆಲ್ಲ ಬೇರೆಯವರ ಹೆಸರುಗಳಿವೆ, ತೋಡು ಬಂದು ಸೇರುವುದೂ ಇಲ್ಲಿಗೇ.

ಮುಂದಿನದನ್ನು ನೀವೇ ಊಹಿಸಬಹುದು. ಗೋಡೆ ಹಾರಿ ಬಂದ ಉಪ್ಪುನೀರು ಒಳಗೇ ನಿಂತಿತು, ನಿಂತಲ್ಲೇ ಇಂಗಿತು, ಇಂಗಿ ಸಿಹಿಪೊರೆಗೆ ಸೇರಿತು. ಹರಿಯುವ ಉಪ್ಪುನೀರಿನಲ್ಲಿ ಬೆಳೆಯುವ, ತೋಡಿನ ಬದಿಯ ಕಾಂಡ್ಲಾ ಗಿಡಗಳು ನಿಂತ ನೀರಿಗೆ ಸಿಕ್ಕಿ ಒಣಮೀನಿನ ಬಣ್ಣಕ್ಕೆ ತಿರುಗಿದವು. ನಾನು ದಿನಾ ಸಂಜೆ ಹೋಗಿ ಕಲ್ಲಿನ ಮೇಲಿನ ಉಪ್ಪು ಒರೆಸಿ, ಕಾಂಡ್ಲಾ ಕಡೆಗೆ ಒಮ್ಮೆ ನೋಡಿ, ಮನೆಗೆ ಬರುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ. ಯಾರೂ ಏನೂ ಅನ್ನುವುದಿಲ್ಲ. ದೋಣಿ ದಡಕ್ಕೆ ಬಂದರೆ ಮೊದಲ ಬಂಗುಡೆ ನನ್ನ ಮನೆಗೆ. ನಾನು ಹಾದುಹೋದರೆ ಮಕ್ಕಳು ದನಿ ತಗ್ಗಿಸುತ್ತವೆ. ಸಭೆಯಲ್ಲಿ ಗಾಳಿ ಬರುವ ಜಾಗ ನನ್ನದು. ಹೆಂಡತಿ ಸತ್ತದ್ದು ನನಗೊಂದು ಉದ್ಯೋಗವೇ ಆಗಿಬಿಟ್ಟಿದೆ. ಅದರಲ್ಲಿ ಸುಖವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಮ್ಮ ಸಭೆ ವರ್ಷಕ್ಕೊಮ್ಮೆ, ಎರಡು ದಿನ. ಆರು ಕುದ್ರುಗಳ ಕೈಕೆಲಸ ಸೇರಿಸಿದರೂ ವರ್ಷಕ್ಕೆ ಮೂರು ದೊಡ್ಡ ಕೆಲಸ ಮಾತ್ರ ಸಾಧ್ಯ. ಅವನ್ನು ಮೂರ್ಮುಂದು ಎನ್ನುತ್ತೇವೆ, ಕಾಲೇಜಿನಲ್ಲಿ ಪ್ರಯಾರಿಟಿ ಎನ್ನುತ್ತಿದ್ದರು. ನಾಲ್ಕನೆಯದಕ್ಕೆ 'ಮತ್ತೆ ಬಾ' ಎಂದು ಹೆಸರು. ಆಸ್ಪತ್ರೆ ದೋಣಿ ಮೂರು ವರ್ಷದಿಂದ 'ಮತ್ತೆ ಬಾ'ದಲ್ಲಿ ಕೂತಿದೆ. ಅದು ಇದ್ದರೆ ಅಂಚುಗುದ್ರಿನ ಬಸುರಿಯರು ಹೆರಿಗೆಮನೆಗೆ ಬರಲು ಮೀನುದೋಣಿ ಕಾಯಬೇಕಿಲ್ಲ. ಆದರೆ ಮಳೆನೀರಿನ ತೊಟ್ಟಿ ಕಟ್ಟುವುದೇ ಪ್ರತಿವರ್ಷ ಅದರ ಮುಂದೆ ಬರುತ್ತದೆ. ತೊಟ್ಟಿ ಯಾಕೆ ಬೇಕು? ಬಾವಿ ಕೆಟ್ಟಿದೆ. ಬಾವಿ ಯಾಕೆ ಕೆಟ್ಟಿತು? ಅಲ್ಲಿಗೆ ಬಂದ ಕೂಡಲೇ ಎಲ್ಲರಿಗೂ ಕೆಮ್ಮು ಬರುತ್ತದೆ. ಕಿಂಡಿ ಎಂಬ ಮಾತು ಪಟ್ಟಿಯಲ್ಲಿಲ್ಲ, 'ಮತ್ತೆ ಬಾ'ದಲ್ಲಿಯೂ ಇಲ್ಲ.

ಸಭೆಯ ನಡುವೆ ಒಂದು ಮಣೆ ಇರುತ್ತದೆ. ಅದರ ಮೇಲೆ ಕೂತವರು ಇನ್ನೂ ಹುಟ್ಟದವರ ಪರವಾಗಿ ಮಾತಾಡಬೇಕು, ಅಂದರೆ ನಿಮ್ಮ ಪರವಾಗಿ. ಅವರು ಬೇಡವೆಂದರೆ ಮೂರ್ಮುಂದಿನ ಯಾವ ಕೆಲಸವಾದರೂ ನಿಲ್ಲುತ್ತದೆ. ಮಾತಾಡುವ ಮೊದಲು ದೇಶದ ಅತಿ ಕೆಟ್ಟ ಬಾವಿಯ ನೀರನ್ನು ಒಂದು ಬೊಗಸೆ ಕುಡಿಯಬೇಕು. ಹೊಟ್ಟೆಗೆ ಆ ನೀರು ಇಳಿದವನ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂಬ ಲೆಕ್ಕ. ಈ ವರ್ಷ ಆ ಮಣೆಗೆ ನನ್ನನ್ನು ಆರಿಸಿದರು, ಅದೂ ಮರ್ಯಾದೆಯಿಂದಲೇ. ಅತಿ ಕೆಟ್ಟ ಬಾವಿ ನಮ್ಮ ಬಾವಿಕೇರಿಯದೇ, ಕಿಂಡಿಯ ಪಕ್ಕದ್ದು.

ಇವತ್ತು ಬೆಳಿಗ್ಗೆ ಜೆಸಿಂತಾ ಬಾಯಿ ತಂಬಿಗೆಯಿಂದ ನನ್ನ ಬೊಗಸೆಗೆ ನೀರು ಸುರಿದರು. ಕಣ್ಣು ಮುಚ್ಚಿ ಕುಡಿದೆ. ಸಿಹಿ. ಎಳನೀರಿನಷ್ಟು ಸಿಹಿ. ಕಣ್ಣು ತೆರೆದು ನೋಡಿದರೆ ಯಜಮಾನ್ತಿ ತಲೆಯ ಮೇಲಿನ ಮಾಡಿನ ಸೋಗೆ ಎಣಿಸುತ್ತಿದ್ದರು. ಸಭೆಯೆಲ್ಲ ತಂತಮ್ಮ ಕಾಲ್ಬೆರಳು ನೋಡುತ್ತಿತ್ತು. ಆ ಒಂದು ಗುಟುಕು ಉಪ್ಪನ್ನೂ ನನಗೆ ತಪ್ಪಿಸಬೇಕೆಂದು ಇಡೀ ದೇಶ ಸೇರಿ ಮಾತಾಡಿಕೊಂಡಿತ್ತು. ಆಗಲೇ ನಾನು ಆಬ್ಜೆಕ್ಷನ್ ಎನ್ನಬೇಕಿತ್ತು. ಆ ಪದವಂತೂ ಬಾಲಸಮೇತ ನೆನಪಿದೆ. ಗಂಟಲು ಸರಿಮಾಡಿಕೊಂಡು, ನೀರು ತುಂಬಾ ಉಪ್ಪಾಗಿದೆ, ತೊಟ್ಟಿ ಆಗಲೇಬೇಕು ಎಂದೆ. ಎಲ್ಲರೂ ಉಸಿರು ಬಿಟ್ಟರು. ತೊಟ್ಟಿ ಮೊದಲನೆಯದಾಯಿತು. ಆಸ್ಪತ್ರೆ ದೋಣಿಗೆ ಮತ್ತೆ ಬಾ ಎಂದರು. ನಾಳೆ ಮಧ್ಯಾಹ್ನ ಮೂರ್ಮುಂದಿಗೆ ಮುದ್ರೆ ಬೀಳುತ್ತದೆ. ಬಿದ್ದ ಮೇಲೆ ಒಂದು ವರ್ಷ ಯಾರೂ ಏನೂ ಮಾಡುವಂತಿಲ್ಲ.

ಮನೆಗೆ ಬಂದಾಗ ಅಕ್ಕಣಿಯ ತಂಗಿ ಚಿಕ್ಕು ಗಂಜಿ ತಂದಿದ್ದಳು. ದಿನಾ ತರುತ್ತಾಳೆ, ನನಗಾಗಿ ಹೆರಿಗೆಮನೆಯ ಬದಿಯ, ಇನ್ನೂ ಸಿಹಿಯಾಗಿರುವ ಬಾವಿಯಿಂದ ನೀರು ಹೊತ್ತು ಮಾಡಿದ ಗಂಜಿ. ಅದು ನನಗೆ ಇವತ್ತೇ ತಿಳಿದದ್ದು. ಒಂದು ತುತ್ತು ಬಾಯಿಗಿಟ್ಟು, ಇವತ್ತು ಕೈ ತಪ್ಪಿ ಎರಡು ಸಲ ಉಪ್ಪು ಹಾಕಿದೆಯೇನೋ ಎಂದೆ.

"ಉಪ್ಪ್ ನಾ ಹಾಕ್ಲಿಲ್ಲ ಭಾವ" ಎಂದಳು. "ನಮ್ ಬಾವಿಯೇ ಹಾಕಿತ್ತ್."

ಅವಳ ಮಗಳು ರೇವು ಎಂಟು ತಿಂಗಳ ಬಸುರಿ. ಕಾಲು ಬಾತು, ಕಂಬಕ್ಕೆ ಒರಗಿ ಕೂತಿರುತ್ತಾಳೆ. ಅವಳೂ ಇದನ್ನೇ ಕುಡಿಯುತ್ತಾಳೆಯೇ ಎಂದು ಕೇಳಿದೆ.

"ಮತ್ತೆಂತ ಕುಡೂಕ್? ಹೆರಿಗಿಮನಿ ಸಿಹಿನೀರ್ ನಮ್ಗ್ ದಿನಕ್ಕ್ ಒಂದೇ ತಂಬ್ಗಿ ಸಿಕ್ಕುದ್, ಅದ್ನ್ ಇವತ್ ನಿಮ್ ಬೊಗ್ಸಿಗ್ ಹೊಯ್ದ್ರಲ್ದಾ."

ಗಂಜಿ ಕೆಳಗಿಟ್ಟೆ. ಚಿಕ್ಕು ಹೋಗಲಿಲ್ಲ. ಬಾಗಿಲಲ್ಲಿ ನಿಂತು, ಕೇಳುವಂತಿಲ್ಲದ್ದನ್ನು ಕೇಳಿದಳು. ಆರು ವರ್ಷದಲ್ಲಿ ಕೇಳಿದವಳು ಅವಳೊಬ್ಬಳೇ.

"ಅಕ್ಕ ಬದ್ಕಿಪ್ಪತಿಗೆ ಒಂದ್ ಗಳ್ಗಿ ಒಂದ್ ಬದಿ ಕೂಕಂಡದ್ ಇತ್ತಾ ಭಾವ? ಈಗ ಗ್ವಾಡಿ ಒಳ್ಗ್ ಕೂಕಂತ್ಳಂತಾ?"

ಅವಳು ಪಾತ್ರೆ ಬಿಟ್ಟು ಹೋದಳು. ಗಂಜಿಯನ್ನು ಪೂರ್ತಿ ಉಂಡೆ, ಕಷ್ಟವಾಯಿತು. ಆಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಣೆಯ ಮೇಲೆ ಕೂತವರು ನಿಮಗೊಂದು ಕಾಗದ ಬರೆದಿಡುವುದು ನಮ್ಮ ಪದ್ಧತಿ. ಸಾಮಾನ್ಯವಾಗಿ ಮರ ನೆಡಿ, ಒಗ್ಗಟ್ಟಾಗಿರಿ ಎಂದೆಲ್ಲ ಬರೆಯುತ್ತಾರೆ. ನಾನೂ ಹಾಗೆಯೇ ಬರೆಯುವವನಿದ್ದೆ.

ನನ್ನ ಭಯ ಇಷ್ಟೇ. ಆ ಕಲ್ಲು ಎತ್ತಿದ ಮೇಲೆ ಸಂಜೆ ನಾನು ಎಲ್ಲಿಗೆ ಹೋಗಲಿ? ಒಂದು ಊರಿನಷ್ಟು ಬಾಯಾರಿಕೆಯ ಎದುರು ಇದೊಂದು ಪ್ರಶ್ನೆಯೇ ಎಂದು ನೀವು ಕೇಳಬಹುದು. ಕೇಳಿ. ಅದೇ ನನ್ನ ಬೇಡಿಕೆ. ನಮ್ಮವರು ಕೇಳಲಿಲ್ಲ, ನಾನು ಅತ್ತೇನೆಂದು ಹೆದರಿ ತಮ್ಮ ಮಕ್ಕಳಿಗೆ ಉಪ್ಪು ಕುಡಿಸಿದರು. ನಾನು ಅವರ ಹೆದರಿಕೆಯ ನೆರಳಲ್ಲಿ ತಂಪಾಗಿ ಕೂತೆ. ಒಬ್ಬರ ದುಃಖಕ್ಕೆ ಊರೆಲ್ಲ ದಾರಿ ಬಿಟ್ಟರೆ ನೀರಿಗೆ ದಾರಿ ಉಳಿಯುವುದಿಲ್ಲ. ನಿಮ್ಮ ನಡುವೆ ಇಂಥ ಮುದುಕನಿದ್ದರೆ ಮೊದಲ ಮೀನು ಕೊಡಿ, ಗಾಳಿಯ ಜಾಗವನ್ನೂ ಕೊಡಿ, ಮಣೆ ಕೊಡುವ ಮುನ್ನ ಮಾತ್ರ ಚಿಕ್ಕುವಿನ ಹಾಗೆ ಬಾಗಿಲಲ್ಲಿ ನಿಂತು ಒಂದು ಒರಟು ಮಾತು ಕೇಳಿ. ಮಣೆಯವರ ಬೊಗಸೆಗೆ ಸುರಿಯುವ ನೀರನ್ನು ಬಸುರಿಯೊಬ್ಬಳು ಮೊದಲು ನಾಲಿಗೆಗೆ ಇಟ್ಟು ನೋಡಲಿ. ಪಾಲಿಸಿಯ ಎರಡು ವರ್ಷದ ಓದಿನಿಂದ ನಾನು ನಿಮಗೆ ಕೊಡಬಲ್ಲದ್ದು ಇಷ್ಟೇ, ಇದೂ ಆ ಓದಿನಿಂದ ಬಂದದ್ದಲ್ಲ.

ಕಿಂಡಿ ತೆರೆಯಲು ಮೂರ್ಮುಂದಿನಲ್ಲಿ ಜಾಗವೇ ಬೇಡ. ಒಂದು ಕೈ ಸಾಕು. ಹಲಗೆ ಎದ್ದರೆ ಒಳಗಿನ ಉಪ್ಪು ಹೊರಟುಹೋಗುತ್ತದೆ, ಎರಡು ಮಳೆಗಾಲದಲ್ಲಿ ಪೊರೆ ಮತ್ತೆ ಕಟ್ಟುತ್ತದೆ ಎನ್ನುತ್ತಾರೆ. ನಾಳೆ ತೊಟ್ಟಿಯನ್ನು ಬೇಡವೆಂದು ಹೇಳಿ ದೋಣಿಯನ್ನು ಮೇಲಕ್ಕೆ ತರಬಹುದು. ರೇವುವಿನ ಮಗುವಿಗೆ ಅಷ್ಟರಲ್ಲಿ ತಡವಾದೀತು. ಆ ತಪ್ಪಿನ ಪಾಲು ನನ್ನ ತಲೆಯ ಮೇಲೆಯೇ ಇರಲಿ, ಅದನ್ನು ಯಾವ ಇಳಿತವೂ ಒಯ್ಯುವುದು ಬೇಡ.

ಇಳಿತ ಶುರುವಾಗಿದೆ, ಇಲ್ಲಿ ಕೂತಲ್ಲಿಗೆ ಗೋಡೆಯ ಬುಡದ ಸದ್ದು ಕೇಳುತ್ತದೆ. ಗೂಟ ಎಬ್ಬಿಸುವ ಹಾರೆ ಕೈಗೆ ಸಿಕ್ಕಿದೆ, ಅಕ್ಕಣಿಯದೇ. ಕಲ್ಲು ಬಂದರೆ ಬಾವಿಕಟ್ಟೆಯ ಬಳಿ ಹಾಕಬೇಕೆಂದಿದ್ದೇನೆ; ರೇವು ಕೊಡ ಇಡಲಿ, ಕಾಲು ತೊಳೆಯಲಿ. ನನ್ನ ಹೆಸರಿನ ಕಲ್ಲು ಗೋಡೆಗೆ ಬೇಡ ಎಂದು ಚಿಕ್ಕುವಿಗೆ ಹೇಳಿಹೋಗುತ್ತೇನೆ.

ನಾನು ಧೈರ್ಯಸ್ಥನಲ್ಲ. ಅಲ್ಲಿಯ ತನಕ ಹೋಗಿ, ಉಪ್ಪು ಒರೆಸಿ, ಹಾಗೆಯೇ ತಿರುಗಿ ಬಂದರೂ ಬಂದೇನು. ಬರೆಯುವಾಗ ಅದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ. ಈ ಕಾಗದ ಕೆಳಗಿಟ್ಟು ನಡುಗುದ್ರಿನ ಬಾವಿಯಿಂದ ಒಂದು ಬೊಗಸೆ ನೀರು ಕುಡಿದು ನೋಡಿ. ಸಪ್ಪೆಯಾಗಿದ್ದರೆ ಅಕ್ಕಣಿ ಗೋಡೆಯಲ್ಲಿಲ್ಲ. ಉಪ್ಪಾಗಿದ್ದರೆ ನನ್ನನ್ನು ಕ್ಷಮಿಸುವ ಒಳ್ಳೆಯತನ ಮಾಡಬೇಡಿ. ಎದ್ದು ಹೋಗಿ ಆ ಕಲ್ಲನ್ನು ಕಿತ್ತುಹಾಕಿ. ಇಟ್ಟ ಕೈ ಈ ಕಾಗದದ ಮೂಲಕ ಒಪ್ಪಿಗೆ ಕೊಟ್ಟಿದೆ.

ಹೊರಟೆ.

ಬಾವಿಕೇರಿ ಕುಷ್ಟಪ್ಪ,
ಅಕ್ಕಣಿಯ ಗಂಡ