ಮುಗಿಯುವ ಗೆರೆಯ ಎತ್ತರ

ವಿಟ್‌ಕ್ರಾಂಸ್ ಗ್ಲೈಡರ್ ಮೈದಾನ, ಫ್ರೀ ಸ್ಟೇಟ್
ಜನವರಿ ೧೪, ಭಾನುವಾರ

ಪ್ರೀತಿಯ ಟರ್ಶಿಯಸ್,

ಬೇರೆ ಮನೆ ಮಾಡಿದ ಹೆಂಡತಿಗೆ ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಕಾಣೆ. ಕೈಗೆ ಬಂದ ಅಭ್ಯಾಸ, ಇರಲಿ ಬಿಡು.

ಎಲ್ಲರೂ ಹೊರಟುಹೋದರು. ಡೇರೆಗಳಿದ್ದ ಕಡೆ ಹುಲ್ಲು ಹಳದಿಯಾಗಿದೆ. ಕೆಂಡದ ಮೇಲೆ ಸುಟ್ಟ ಮಾಂಸ ಬೇಕಾದಷ್ಟು ಉಳಿದಿತ್ತು. ಕ್ಲಬ್ಬಿನ ನಾಯಿಗೆ ಹಾಕಿ, ಅದು ತಿನ್ನುವುದನ್ನೇ ನೋಡುತ್ತ ಕೂತೆ. ನೀನು ಬಹುಮಾನ ವಿತರಣೆಯವರೆಗೂ ನಿಲ್ಲಲಿಲ್ಲ.

ಹೋದ ವರ್ಷದ ಗ್ಲೈಡರ್ ಸ್ಪರ್ಧೆಯಲ್ಲಿ ನಮ್ಮ ಕ್ಲಬ್ಬಿನ ಹುಡುಗ ಡರ್ಕಿ ಸತ್ತಾಗ ನೀನೂ ಇಲ್ಲೇ ಇದ್ದೆ. ಆಗ ಸ್ಪರ್ಧೆ ಮುಗಿಯುತ್ತಿದ್ದದ್ದು ರನ್‌ವೇ ಮೇಲಿನ ಗೆರೆಯಲ್ಲಿ. ಗ್ಲೈಡರ್ ನೋಡುವವರ ತಲೆ ಸವರುವಷ್ಟು ಕೆಳಗೆ, ಗಾಳಿ ಸೀಳಿ ಶಿಳ್ಳೆ ಹಾಕುತ್ತ ದಾಟಬೇಕು, ಉಳಿದ ವೇಗದಲ್ಲಿ ಮೇಲೇರಿ, ತಿರುಗಿ ಬಂದು ಇಳಿಯಬೇಕು. ಡರ್ಕಿಗೆ ವೇಗ ಉಳಿದಿರಲಿಲ್ಲ. ಎಂಜಿನ್ ಇಲ್ಲದ ವಿಮಾನಕ್ಕೆ ಮತ್ತೆಲ್ಲಿಂದ ಬರಬೇಕು? ತಿರುವಿನಲ್ಲಿ ಒಂದು ರೆಕ್ಕೆ ಸೋತಿತು, ಹ್ಯಾಂಗರ್ ಮುಂದೆ ಬಿದ್ದ. ಮಗ ಗೆದ್ದನೆಂದು ಅವನ ಅಮ್ಮ ಇನ್ನೂ ಟವೆಲ್ ಬೀಸುತ್ತಿದ್ದಳು.

ಅದಕ್ಕೇ ಈ ಸಲ ಸ್ಪರ್ಧೆಯ ನಿರ್ದೇಶಕಿಯಾದಾಗ ಆ ಗೆರೆಯನ್ನು ಮೈದಾನದಿಂದ ಮೂರು ಕಿಲೋಮೀಟರ್ ಆಚೆಗೆ, ಇನ್ನೂರು ಮೀಟರ್ ಎತ್ತರಕ್ಕೆ ಒಯ್ದೆ. ಅದಕ್ಕಿಂತ ಕೆಳಗೆ ಬಂದವರು ಸ್ಪರ್ಧೆ ಮುಗಿಸಿದಂತಲ್ಲ. ದಾಟಿದವರಿಗೆ ಆಮೇಲೆ ಓಟವಿಲ್ಲ, ನಿಧಾನವಾಗಿ ಇಳಿಯುವುದಷ್ಟೆ.

ಮೊದಲ ದಿನದ ಸಭೆಯಲ್ಲಿ ಕ್ಲಬ್ಬಿನ ಹಿರಿಯ ಸಾರೆಲ್ ಮಾಮ, "ಹಂಗಾದ್ರೆ ನೋಡೋಕ್ ಬಂದೋರ್ಗೆ ಏನ್ ತೋರಿಸ್ತೀಯಮ್ಮ ಅನೆಲೀ, ಮೋಡಾನಾ?" ಎಂದ. ನೀನು ಬಿಡುತ್ತೀಯಾ? "ನಮ್ ಡೈರೆಕ್ಟರಮ್ಮಂಗೆ ಎತ್ತರ ಅಂದ್ರೆ ಮೊದ್ಲಿಂದ್ಲೂ ಇಷ್ಟ. ಮನೇಲೂ ನೆಲಕ್ಕಿಳೀತಿರ್ಲಿಲ್ಲ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿನ್ನೆ ಕೊನೆಯ ದಿನ ನೀನೇ ಮುಂದಿದ್ದೆ. "ಮೇಲೆತ್ತೋ ಗಾಳಿ ಸತ್ತೋಗಿದೆ, ತುಂಬಾ ಕೆಳಗಿದೀನಿ" ಎಂದು ರೇಡಿಯೋದಲ್ಲಿ ಹೇಳಿದವನು ನೀಲಗಿರಿ ಮರಗಳ ಹಿಂದೆ ಮರೆಯಾದೆ. ಆಮೇಲೆ ಸದ್ದಿಲ್ಲ. ಉತ್ತ ಹೊಲವೊಂದರಲ್ಲಿ ಇಳಿದಿದ್ದೀಯೆಂದು ರೈತನೊಬ್ಬ ಫೋನ್ ಮಾಡಿದ. ನಿರ್ದೇಶಕಿಯ ಕರ್ತವ್ಯವಲ್ಲವೇ, ನಾನು ಅಲ್ಲಿಗೆ ಬಂದೆ.

ನೀನು ಮುಖ ನೋಡಲಿಲ್ಲ. "ಹಳೇ ಗೆರೆ ಇದ್ದಿದ್ರೆ ಹೆಂಗೋ ಬೇಲಿ ದಾಟಿಸ್ಕೊಂಡ್ ಬಂದು ಗೆಲ್ತಿದ್ದೆ. ಕಪ್ ಕಿತ್ಕೊಂಡ್ಯಲ್ಲ, ಈಗ ಸಮಾಧಾನಾನಾ?" ಎಂದೆ. "ನಿಯಮ ಎಲ್ರಿಗೂ ಒಂದೇ" ಎಂದೆ ನಾನು.

ಇವತ್ತು ಬೆಳಿಗ್ಗೆ ಮೈದಾನದ ಅಂಚಿನ ಆ ಬೇಲಿಯವರೆಗೆ ನಡೆದುಹೋದೆ. ಬೇಲಿಯಾಚೆ ಟಾರು ರಸ್ತೆ, ಅದರ ಮೇಲೆ ವಿದ್ಯುತ್ ತಂತಿ. ತಂತಿಯ ಕೆಳಗೆ ಹೆಂಗಸೊಬ್ಬಳು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಪೀಚ್ ಹಣ್ಣು ಮಾರುತ್ತಿದ್ದಳು. ನಿನ್ನೆಯೂ ಅಲ್ಲೇ ಇದ್ದಳಂತೆ. ಹಳೇ ಗೆರೆ ಇದ್ದಿದ್ದರೆ ನೀನು ಬರುತ್ತಿದ್ದದ್ದು ಅವರ ತಲೆಯ ಮೇಲೇ. ಹೊಸ ಗೆರೆಯ ಎತ್ತರ ಸಿಗದು, ಕಪ್ ಕೈತಪ್ಪಿತೆಂದು ನಿನಗೆ ದೂರದಲ್ಲೇ ತಿಳಿದುಹೋಯಿತು. ಹೊಲ ಆರಿಸಿಕೊಳ್ಳುವಷ್ಟು ಎತ್ತರ ಆಗಿನ್ನೂ ಇತ್ತು. ಗೆಲ್ಲಲು ಏನೂ ಉಳಿಯದಿದ್ದಾಗ ನೀನು ಬದುಕುವ ಕಡೆ ತಿರುಗಿದೆ. ನಾನು ಕಿತ್ತುಕೊಂಡದ್ದು ಹೌದು, ಟರ್ಶಿಯಸ್. ಇನ್ನೊಮ್ಮೆ ಹೀಗಾದರೆ ಆಗಲೂ ಕಿತ್ತುಕೊಳ್ಳುತ್ತೇನೆ.

ಮುಂದಿನ ವರ್ಷ ನಾನು ನಿರ್ದೇಶಕಿಯಲ್ಲ. ಸಾರೆಲ್ ಮಾಮ ಟೋಪಿ ತಿರುವುತ್ತ, ಎತ್ತಲೋ ನೋಡುತ್ತ ಹೇಳಿದ. ನಿಯಮ ಮಾತ್ರ ಹಾಗೇ ಇರುತ್ತದಂತೆ. ಅಷ್ಟು ಸಾಕು.

ನಿನ್ನ ಮೊಣಕಾಲಿಗೆ ಪೆಟ್ಟಾದಂತಿತ್ತು, ಹೊಲದಲ್ಲಿ ನೀನು ಕುಂಟುತ್ತಿದ್ದೆ. ಡಾಕ್ಟರಿಗೆ ತೋರಿಸು.

ಇಂತಿ,
ಅನೆಲೀ

ತಾ.ಕ.: ನೀನು ಮರಗಳ ಹಿಂದೆ ಮರೆಯಾದಾಗ ರೇಡಿಯೋದಲ್ಲಿ ನಾನು ನಿನ್ನ ಗ್ಲೈಡರಿನ ಸಂಖ್ಯೆ ಕರೆಯಬೇಕಿತ್ತು. "ಟರ್ಶೀ, ಎಲ್ಲಿದೀಯೋ, ಮಾತಾಡೋ" ಎಂದು ಕೂಗಿಬಿಟ್ಟೆ. ಇಡೀ ಮೈದಾನ ಕೇಳಿಸಿಕೊಂಡಿತು. ನಿನಗೂ ಕೇಳಿಸಿತಾ ಎಂದು ಕೇಳಲೆಂದೇ ಆ ಹೊಲಕ್ಕೆ ಬಂದಿದ್ದೆ. ನಿಯಮದ ಮಾತಾಡಿ ವಾಪಸು ಬಂದೆ.