ಕೆಮ್ಮಿನ ವರ್ಷ

ತಮ್ಮಾ ಗಥೇರು,

ಈ ಕಾಗದ ನಿನಗೆ ತಲುಪುವುದಿಲ್ಲ, ಗೊತ್ತು. ನಮ್ಮ ಗಿಕುಯು ಬುಡಕಟ್ಟಿನ ಹಿರಿಯರು ಇವತ್ತು ಅತ್ತಿಮರದ ಕೆಳಗೆ ಕೂತು ೧೯೧೮ಕ್ಕೆ ಹೆಸರಿಟ್ಟರು. ಈ ವರ್ಷ ಸುನ್ನತಿಯಾದ ನಿನ್ನ ಓರಗೆಯವರಿಗೆ ಸಾಯುವವರೆಗೂ ಅದೇ ಹೆಸರು.

ಮುದುಕ ಮುನ್ಯುವಾ ಕೇಳಿದ: "ಮಳೆ ಬರ್ಲಿಲ್ಲ. ಕೆಮ್ಮು ಮನೆಮನೆ ಗುಡಿಸ್ಕೊಂಡು ಹೋಯ್ತು. ಬಿಳಿಯರ ಯುದ್ಧಕ್ಕೆ ಮೂಟೆ ಹೊರೋಕೆ ಹೋದ ಹುಡುಗ್ರು ವಾಪಸ್ ಬರ್ಲೇ ಇಲ್ಲ. ಯಾವ್ದರ ಹೆಸರು ಇಡೋಣ್ರಯ್ಯಾ? ಹುಡುಗ್ರನ್ನ ಕಳ್ಕೊಂಡೋರು ಬಾಯಿಬಿಡಿ."

ಎಲ್ಲರೂ ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ.

"ಒಡಹುಟ್ಟಿದೋನಿಗೇ ಬೇಡ ಅಂದ್ಮೇಲೆ ನಮಗ್ಯಾಕೆ? ಕೆಮ್ಮಿನ ವರ್ಷ ಅನ್ನಿ," ಎಂದು ಮುದುಕ ಎದ್ದ.

ಆ ಯುದ್ಧಕ್ಕೆ ಆಳು ಹಿಡಿಯಲು ಊರಿನ ಮುಖ್ಯಸ್ಥ ನಮ್ಮ ಅಂಗಳಕ್ಕೆ ಬಂದ ದಿನ ಕೂಗಿದ್ದು ನನ್ನ ಹೆಸರನ್ನು, ಗಥೇರು. "ನಾನೇ" ಎಂದು ನೀನು ಎದ್ದು ನಿಂತೆ.

ಅವತ್ತೂ ನಾನು ನೆಲವನ್ನೇ ನೋಡುತ್ತಿದ್ದೆ.