ಉಪವಾಸದ ಹಿಟ್ಟು

13 ಆಗಸ್ಟ್, ಮಧ್ಯಾಹ್ನ 2

ಬೆಳಿಗ್ಗೆ ಎಂಟಕ್ಕೆ ಗಿರಣಿ ಶುರು. ಮೊದಲು ಜೋಳ, ಆಮೇಲೆ ಗೋಧಿ, ಕೊನೆಗೆ ಕಡಲೆಬೇಳೆ. ದಿನಾ ಇದೇ. ಒಂದಕ್ಕೆ ಶಟರ್ ಅರ್ಧ ಇಳಿಸಿದೆ.

ನಿನ್ನೆ ಗಿರಣಿಯ ಮುಂದಿನ ಕಟ್ಟೆ ಒಡೆದರು. ಪಾಲಿಕೆಯಿಂದ ಅತಿಕ್ರಮಣ ತೆಗೆಸುವ ಗಾಡಿ ಬಂತು, ಇಬ್ಬರು ಕಲ್ಲೊಡೆಯುವ ಬ್ರೇಕರ್ ಹಚ್ಚಿದರು, ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿದೇ ಹೋಯಿತು. ಮಾವ ಶಹಾಬಾದ್ ಫರ್ಶಿ ಕಲ್ಲು ತರಿಸಿ ತಾವೇ ಕೂತು ಕೂಡಿಸಿದ ಕಟ್ಟೆ. ಅವರು ತೀರಿಕೊಂಡ ಮೇಲೆ ಅದು ಅತ್ತೆಯ ಜಾಗ. ಗಿರಾಕಿಗಳ ಡಬ್ಬಿ ಇಸಿದುಕೊಳ್ಳುವುದು, ಪಾಳಿ ಹೇಳುವುದು, ಪುಣೆಯ ಅರ್ಧ ಬಿಬವೇವಾಡಿಯ ಸೊಸೆಯಂದಿರ ಸುದ್ದಿ ಕೇಳುವುದು — ಎಲ್ಲ ಅಲ್ಲಿಂದಲೇ. ಹೌದು, ಒಂದೂವರೆ ಫೂಟು ಫುಟ್‌ಪಾತಿನ ಮೇಲೆ ಚಾಚಿತ್ತು. ಒಪ್ಪಿದೆ. ಹೇಳಿದ್ದರೆ ನಾವೇ ಹಿಂದೆ ಸರಿಸುತ್ತಿದ್ದೆವು.

ಅರ್ಜಿ ಕೊಟ್ಟವನು ವಿಕಾಸ. ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್, ಮೂರನೇ ಮಹಡಿಯವನು. ವಿಜಾಪುರದ ಕಡೆಯವನು — ನಮ್ಮವನೇ! ದಿನಾ ಕನ್ನಡದಲ್ಲಿ ಅತ್ತಿಗೆಯ ಸಲಿಗೆಯಿಂದ ವೈನಿ ವೈನಿ ಅನ್ನುವವನು ನಿನ್ನೆ ಗಾಡಿಯವರ ಎದುರಿಗೆ ಬರೀ ಮರಾಠಿ. ನನ್ನ ಗುರುತೇ ಇಲ್ಲದವನ ಹಾಗೆ ನಿಂತಿದ್ದ.

ಅತ್ತೆ ಫರ್ಶಿಯ ಒಂದು ಚೂರು ಎತ್ತಿ ಒಳಗೆ ತಂದಿಟ್ಟರು. ಈಗ ಕೂರುವುದು ಒಳಗೇ, ಮೋಟರಿನ ಪಕ್ಕ ಸ್ಟೂಲಿನ ಮೇಲೆ, ಹಿಟ್ಟಿನ ಧೂಳಿನಲ್ಲಿ. ಬೆಳಿಗ್ಗೆಯಿಂದ ಕೆಮ್ಮು.

ಬಿಡುವುದಿಲ್ಲ ಅವನನ್ನು.

22 ಆಗಸ್ಟ್

ಕಟ್ಟೆ ಇದ್ದ ಜಾಗದಲ್ಲಿ ಬಿಳಿ ಕಾರು. ಯಾರದ್ದು? ಚೇರ್ಮನ್ ಸಾಹೇಬರದ್ದು. ಪೂರ್ತಿ ಫುಟ್‌ಪಾತಿನ ಮೇಲಿದೆ. ಅದು ಅತಿಕ್ರಮಣ ಅಲ್ಲವಂತೆ, ಪಾರ್ಕಿಂಗ್.

ಕೂರಲು ಜಾಗವಿಲ್ಲ ಅಂತ ವಯಸ್ಸಾದವರು ಬರುವುದು ಬಿಟ್ಟರು. ಅವರು ಬರದಿದ್ದರೆ ಪಕ್ಕದ ಅಂಗಡಿಯಲ್ಲಿ ಕೊತ್ತಂಬರಿ ಯಾರು ಕೊಳ್ಳುತ್ತಾರೆ? ಅದರಾಚೆ ಸೀರೆಗೆ ಫಾಲ್-ಪಿಕೋ ಮಾಡುವ ಪ್ರೇಮಾವತಿಯ ಮಷೀನೂ ಇವತ್ತು ಸುಮ್ಮನೆ ಕೂತಿತ್ತು. ಬೀಸಲು ಕೊಟ್ಟು ಕಾಯುತ್ತ ಕೂತವರೇ ಅವಳ ಗಿರಾಕಿಗಳು. ಒಂದು ಕಟ್ಟೆ ಹೋದರೆ ಇಡೀ ಸಾಲು ಕುಂಟುತ್ತದೆ ಅನ್ನುವುದು ಮೂರನೇ ಮಹಡಿಗೆ ಕಾಣುವುದಿಲ್ಲ.

ಮಾಂತುಗೆ ಹೇಳಿದೆ. (ಗಂಡನ ಹೆಸರನ್ನು ಇಲ್ಲಾದರೂ ಬರೆಯಬಹುದಲ್ಲ.)

"ಬಿಡ, ದೊಡ್ಡವರ ಜೋಡಿ ನಮಗ್ಯಾಕ ಜಗಳ?" ಅಂದ.

ಎಂಥ ದೊಡ್ಡವರು! ಸಿಟ್ಟಿಗೆ ರೊಟ್ಟಿ ಹೊತ್ತಿಸಿದೆ. ಅದನ್ನೂ ಸುಮ್ಮನೆ ತಿಂದ.

7 ಸೆಪ್ಟೆಂಬರ್, ಭಾನುವಾರ

ಗಣಪತಿ ನಿನ್ನೆ ಹೋದ, ಇವತ್ತು ಸೊಸೈಟಿ ಮೀಟಿಂಗ್. ಕಟ್ಟಡ ಹಳತಾಗಿದೆ, ಕೆಡವಿ ಹೊಸದು ಕಟ್ಟುತ್ತಾರೆ. ಬಿಲ್ಡರ್ ಕಡೆಯ ಸ್ವಪ್ನಿಲ್ ಎರಡು ಡ್ರಾಯಿಂಗ್ ತೋರಿಸಿದ. ಒಂದರಲ್ಲಿ ರಸ್ತೆಗೆ ಮುಖಮಾಡಿ ಗಿರಣಿ ಸೇರಿ ನಾಲ್ಕೂ ಅಂಗಡಿ, ಮೇಲೆ ಮನೆಗಳು. ಇನ್ನೊಂದರಲ್ಲಿ ಎತ್ತರದ ಕಾಂಪೌಂಡ್ ಗೋಡೆ, ಅದರ ಹಿಂದೆ ಬರೀ ಕಾರು. ಅಂಗಡಿಯವರಿಗೆ ದೂರದ ಖರಾಡಿಯಲ್ಲಿ ಎಲ್ಲೋ ಜಾಗ. ವಿಕಾಸ ಗೋಡೆಯ ಪಕ್ಷ.

ಖರಾಡಿಯಲ್ಲಿ ಜೋಳ ಯಾರು ಬೀಸಿಸುತ್ತಾರೆ? ಅಲ್ಲಿ ಹಿಟ್ಟೂ ಫೋನಿನಲ್ಲೇ ಬರುತ್ತದೆ.

ಎದ್ದು ನಿಂತೆ. ಮರಾಠಿಯಲ್ಲೇ ಹೇಳಿದೆ, ಎಲ್ಲರಿಗೂ ತಿಳಿಯಲಿ ಅಂತ. ಇಷ್ಟು ವರ್ಷ ನೀರಿನ ಮೋಟರ್, ಮಾಳಿಗೆಯ ರಿಪೇರಿ, ಮೆಟ್ಟಿಲ ದೀಪ ನಡೆದದ್ದು ಅಂಗಡಿಗಳು ಕಟ್ಟುವ ಹೆಚ್ಚಿನ ಮೇಂಟೆನೆನ್ಸಿನಿಂದ. ಹೊಸ ಕಟ್ಟಡಕ್ಕೆ ಎರಡು ಲಿಫ್ಟ್ ಬರುತ್ತವೆ. ಬಿಲ್ಡರ್ ಕಟ್ಟಿ ಹೋಗುತ್ತಾನೆ. ಆಮೇಲೆ ಆ ಲಿಫ್ಟ್ ಓಡಿಸುವುದು ಗೋಡೆಯೇ? ಕೆಲವರು ತಲೆಯಾಡಿಸಿದರು.

ವಿಕಾಸ ನಕ್ಕ. ಈಗ ಮಾತ್ರ ಕನ್ನಡ. "ಇಮೋಷನಲ್ ಆಗಬ್ಯಾಡ್ರಿ ವೈನಿ."

ಲೆಕ್ಕ ಹೇಳಿದರೆ ಇಮೋಷನಲ್!

ವೋಟಿಂಗ್ ಅಕ್ಟೋಬರ್ 5ಕ್ಕೆ. ಗೋಡೆ ಗೆದ್ದರೆ ಗಿರಣಿ ಮುಗಿಯಿತು. ಮುಗಿಯುವುದೇ ಆದರೆ ಅವನಿಗೂ ಏನಾದರೂ ತಾಗಲೇಬೇಕು.

20 ಸೆಪ್ಟೆಂಬರ್

ವಿಕಾಸನ ಹೆಂಡತಿ ನೀಲಿಮಾ ಬಂದಿದ್ದಳು. ಡಬ್ಬಿಯಲ್ಲಿ ಉಪವಾಸಕ್ಕೆ ನಡೆಯುವ ರಾಜಗಿರಾ, ಭಗರಿನ ಅಕ್ಕಿ, ಸಾಬೂದಾಣಿ, ಎಲ್ಲ ಹುರಿದದ್ದು. ನಾಡಿದ್ದು ನವರಾತ್ರಿಯ ಘಟ ಕೂರುತ್ತದೆ. ವಿಕಾಸನದು ಕಟ್ಟುನಿಟ್ಟಿನ ವ್ರತ: ಕಾಲಿಗೆ ಚಪ್ಪಲಿ ಇಲ್ಲ, ಹೊಟ್ಟೆಗೆ ಜೋಳ-ಗೋಧಿ ಇಲ್ಲ.

"ವೈನಿ, ಪಾಕೀಟಿನ ಹಿಟ್ಟಿನ ಮ್ಯಾಲೆ ನಮ್ಮನಿಯವರಿಗೆ ನಂಬಿಗಿ ಇಲ್ರಿ. ಜ್ವಾಳದ ಒಂದು ಕಣ ಬಿದ್ರೂ ಉಪವಾಸ ಮುರೀತದ ಅಂತಾರ. ನಿಮ್ಮಲ್ಲೆ ಬೀಸಿದ್ರ ಚಿಂತಿನ ಇಲ್ಲ."

ನಗು ಬಂತು. ಗಿರಣಿ ಬೇಡ, ಗಿರಣಿಯ ಹಿಟ್ಟು ಮಾತ್ರ ಬೇಕು!

ಉಪವಾಸದ್ದನ್ನು ಬೀಸುವ ಮೊದಲು ಮಷೀನ್ ನಿಲ್ಲಿಸಬೇಕು. ಕಲ್ಲು ಬಿಚ್ಚಿ ಬ್ರಶ್ ಹೊಡೆಯಬೇಕು. ಹಿಟ್ಟು ಇಳಿಯುವ ಬಟ್ಟೆ ಬದಲಿಸಬೇಕು. ನಮ್ಮದೇ ಒಂದಿಷ್ಟು ಭಗರು ಹಾಕಿ ಓಡಿಸಿ, ಅದನ್ನು ದನಕ್ಕೆ ತೆಗೆದಿಟ್ಟು, ಆಮೇಲೆ ಗಿರಾಕಿಯದು. ಮಾವ ಹಾಕಿಕೊಟ್ಟ ಪದ್ಧತಿ. ಎಷ್ಟೋ ದೂರದಿಂದ ಜನ ಇದಕ್ಕಾಗಿಯೇ ಬರುತ್ತಾರೆ.

ಡಬ್ಬಿ ನೋಡುತ್ತ ಕೂತೆ. ಒಂದು ಕಣ ಬಿದ್ದರೂ ಸಾಕಂತೆ...

21 ಸೆಪ್ಟೆಂಬರ್, ಬೆಳಿಗ್ಗೆ 11

ಮಾಡಿದೆ.

ಪ್ರೇಮಾವತಿಯ ಜೋಳ ಮುಗಿಯಿತು. ಮಷೀನ್ ನಿಲ್ಲಿಸಲಿಲ್ಲ. ಅದೇ ಬಿಸಿ ಕಲ್ಲಿಗೆ ಅವನ ಡಬ್ಬಿ ಸುರಿದೆ. ಮೊದಲು ಇಳಿದದ್ದು ಜೋಳದ ಹಿಟ್ಟೇ, ಆಮೇಲೆ ಅವನದು. ಎರಡನ್ನೂ ಒಂದೇ ಡಬ್ಬಿಗೆ ಬಿಟ್ಟೆ.

ಮಾಂತು ಮಾರ್ಕೆಟ್ ಯಾರ್ಡಿಗೆ ಹೋಗಿದ್ದ. ಅತ್ತೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿದ್ದರು. ಉಳಿದವರ ಉಪವಾಸದ್ದನ್ನು ಮಧ್ಯಾಹ್ನ ಕಲ್ಲು ಬಿಚ್ಚಿ, ಬ್ರಶ್ ಹೊಡೆದು ಬೀಸುತ್ತೇನೆ. ಅವರ ಮೇಲೆ ನನಗೇನು ಸಿಟ್ಟು?

24 ಸೆಪ್ಟೆಂಬರ್

ಇವತ್ತೂ ವಿಕಾಸ ಕಂಡ. ಬರಿಗಾಲು, ಹಣೆಗೆ ಕುಂಕುಮ, ಮುಖದಲ್ಲಿ ಇಡೀ ಪುಣೆಯ ಭಕ್ತಿ. ಕಾರಿನಿಂದ ಇಳಿದು ಬಿಸಿ ಡಾಂಬರಿನ ಮೇಲೆ ಕುಂಟುತ್ತ ಹೋದ. ನಡೆ ನಡೆ, ಎಷ್ಟು ನಡೆಯುತ್ತೀ. ಹೊಟ್ಟೆಯಲ್ಲಿ ಜೋಳ ಇದೆ.

ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು. ಪಲ್ಯ ಎರಡು ಸಲ ಹಾಕಿಕೊಂಡೆ.

27 ಸೆಪ್ಟೆಂಬರ್, ಸಂಜೆ

ನೀಲಿಮಾ ಅದೇ ಹಿಟ್ಟು ತಟ್ಟಿ ಬೇಯಿಸಿದ ಬಿಸಿ ಥಾಲಿಪೀಠ ತಂದಳು. ಅತ್ತೆಗೆ. ಅತ್ತೆಯದೂ ಎಲ್ಲಮ್ಮನ ಉಪವಾಸ. ಏನು ನೆವ ಹೇಳಲಿ, ತಟ್ಟೆ ಕೈಜಾರಿಸಲೇ... ಅಷ್ಟರಲ್ಲಿ ಅತ್ತೆ ಇಸಿದುಕೊಂಡು, ಅವಳಿಗೆ ಒಳ್ಳೇದಾಗಲಿ ಅಂದು ಕಳಿಸಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ನೀ ತಿನ್ನು. ನಿನಗ ಉಪವಾಸ ಇಲ್ಲಲ್ಲ."

"ಯಾಕ್ರಿ ಅತ್ತಿ?"

"ಅವತ್ತ ಮಷೀನು ನಿಂದರಲಿಲ್ಲ. ಕಣ್ಣು ಮುಚ್ಚಿದ್ದೆ, ಕಿವಿ ತೆರದ ಇದ್ವು. ಹೊರಗ ಕಟ್ಟಿ ಮ್ಯಾಲೆ ಇದ್ದಿದ್ರ ನನಗೂ ಗೊತ್ತಾಗ್ತಿದ್ದಿಲ್ಲ."

"ನಿಮ್ಮ ಸಲುವಾಗೇ ಮಾಡೀನಿ. ನಿಮ್ಮನ್ನ ಧೂಳಾಗ ಕುಂಡ್ರಿಸಿದವ ಅಂವ."

"ನಾ ಕೇಳಿದ್ನೇನು?" ಅಂದರು. ಕೆಮ್ಮಿದರು. ಮುಖ ಆ ಕಡೆ ತಿರುಗಿಸಿದರು.

ಸಿಟ್ಟು ಬಂತು, ಅವರ ಮೇಲೂ. ಥಾಲಿಪೀಠ ತಿಂದೆ. ಪೂರ್ತಿ.

2 ಅಕ್ಟೋಬರ್, ದಸರಾ

ನಿನ್ನೆ ಆಯುಧಗಳ ಖಂಡೆ ಪೂಜೆ. ಮಷೀನಿಗೆ ಚೆಂಡು ಹೂವು ಹಾಕಿದೆವು. ದಿನಾ ಮೊದಲ ಕುಂಕುಮ ಕಲ್ಲಿಗೆ ಹಚ್ಚುವವರು ಅತ್ತೆ. ನಿನ್ನೆ ಹಬ್ಬದ ದಿನವೂ ಹಚ್ಚಲಿಲ್ಲ. ಮೊಣಕಾಲು ನೋವು ಅಂದರು.

ಇವತ್ತು ಸಂಜೆ ವಿಕಾಸ ಬಂದ, ಕೈಯಲ್ಲಿ ಬನ್ನಿ ಎಲೆ. ಅತ್ತೆಯ ಕಾಲು ಮುಟ್ಟಿದ. ಆಮೇಲೆ ನನ್ನ ಕಡೆ ಚಾಚಿದ.

"ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು, ವೈನಿ."

ದಸರೆಯ ದಿನ ಚಾಚಿದ ಬನ್ನಿಯನ್ನು ವೈರಿಯೂ ಬೇಡ ಅನ್ನುವಂತಿಲ್ಲ. ತೆಗೆದುಕೊಂಡರೆ ಜಗಳ ಅಲ್ಲಿಗೆ ಮುಗಿಯಿತು. ತೆಗೆದುಕೊಂಡೆ. ಏನು ಮಾಡಲಿ?

"ಕಟ್ಟಿ ಒಡಿಸಿದ್ದು ತಪ್ಪಾತ್ರಿ. ಉಪವಾಸದಾಗ ನೀಲಿಮಾ ಒಂದು ಮಾತ ಕೇಳಿದ್ಳು. ಗಿರಣಿ ಹೋದ್ರ ಮುಂದಿನ ವರ್ಷ ಈ ಹಿಟ್ಟು ಎಲ್ಲಿಂದ ತರ್ತೀರಿ ಅಂತ. ರವಿವಾರ ನಾ ಅಂಗಡಿ ಡ್ರಾಯಿಂಗ್‌ಗ ಕೈ ಎತ್ತೀನಿ. ಕಟ್ಟೀನೂ ಹಾಕಿಸೂಣು, ಈ ಸರ್ತಿ ನಮ್ಮ ಜಾಗಾದಾಗ."

ಪಾಪಿ! ಮೊದಲೇ ಹೇಳಬಾರದಿತ್ತೇ? ಇಷ್ಟು ಕಷ್ಟಪಟ್ಟು ತೀರಿಸಿಕೊಂಡ ಸೇಡನ್ನೂ ನೆಟ್ಟಗೆ ಅನುಭವಿಸಲು ಬಿಡಲಿಲ್ಲ. ಅವನನ್ನು ದ್ವೇಷಿಸಲು ಈಗ ಎರಡು ಕಾರಣ.

5 ಅಕ್ಟೋಬರ್, ಭಾನುವಾರ, ಸಂಜೆ 6

ಅಂಗಡಿಗಳು ಗೆದ್ದವು. ಗೋಡೆಯ ಪಕ್ಷಕ್ಕೆ ಎತ್ತಿದ ಕೈ ಬೆರಳೆಣಿಕೆಯಷ್ಟು.

ವಿಕಾಸನೇ ಎದ್ದು ಮರಾಠಿಯಲ್ಲಿ ಭಾಷಣ ಮಾಡಿದ. ಮೇಂಟೆನೆನ್ಸಿನ ಲೆಕ್ಕ ಹೇಳಿದ — ನನ್ನದೇ ಮಾತು, ಅವನ ಬಾಯಲ್ಲಿ ಇಮೋಷನಲ್ ಅಲ್ಲ. ಕೊನೆಗೆ ಉಪವಾಸದ ಹಿಟ್ಟು. ಅಷ್ಟು ಶುದ್ಧ ಬೇರೆ ಎಲ್ಲಿ ಸಿಗುತ್ತದೆ ಅಂದ. ಮೇಲಿನ ಮಹಡಿಯ ಒಬ್ಬಾಕೆ, ಹೇಗೆ ಶುದ್ಧ ಮಾಡುತ್ತೀರಿ ಅಂತ ಕೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಅತ್ತೆ.

ಹೇಳಿದೆ. ಕಲ್ಲು ಬಿಚ್ಚುವುದು, ಬ್ರಶ್, ಬಟ್ಟೆ, ಭಗರು, ಎಲ್ಲ.

"ಎಲ್ಲರದ್ದೂ ಹಾಗೇ ಬೀಸುತ್ತೀರಾ?"

"ಎಲ್ಲರದ್ದೂ."

ಚಪ್ಪಾಳೆ ಬಿತ್ತು. ವಿಕಾಸ ಎಲ್ಲರಿಗಿಂತ ಜೋರಾಗಿ ಹೊಡೆದ. ಅತ್ತೆ ಸೆರಗು ಸರಿಮಾಡಿಕೊಂಡರು, ಅಷ್ಟೇ.

ಮಾಂತು ಪೇಢೆ ತಂದು ಓಣಿಗೆಲ್ಲ ಹಂಚಿದ. ಎಲ್ಲ ಸಿಕ್ಕಿತು. ಗಿರಣಿ ಉಳಿಯಿತು, ಕಟ್ಟೆ ಬರುತ್ತದೆ, ಅವನು ಜೋಳ ತಿಂದ, ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಕುಣಿಯಬೇಕು ನಾನು.

ಈಗಷ್ಟೇ ಅತ್ತೆ ಒಳಗಿನಿಂದ ಮನೆಯ ಜೋಳದ ಡಬ್ಬಿ ಎತ್ತಿಕೊಂಡು ಬಂದರು. ಸೊಂಟದ ಮೇಲೆ ಇಟ್ಟುಕೊಂಡು ಮೆಟ್ಟಿಲು ಇಳಿದರು.

"ಎಲ್ಲಿಗ್ರಿ ಅತ್ತಿ? ಕೊಡ್ರಿ, ನಾ ಬೀಸ್ತೀನಿ."

"ಚೌಕದ ಗಿರಣಿಗೆ ಹೋಗಿ ಬರ್ತೀನಿ," ಅಂದರು.

ಮಾವನ ಗಿರಣಿ ಬಿಟ್ಟು ಬೇರೆ ಗಿರಣಿಯ ಹೊಸ್ತಿಲು ತುಳಿದವರಲ್ಲ ಅವರು. ಕರೆದೆ. ತಿರುಗಲಿಲ್ಲ. ಬಿಳಿ ಕಾರು ದಾಟಿದರು. ಓಣಿಯೆಲ್ಲ ಪೇಢೆ ತಿನ್ನುತ್ತ ಹೊರಗೇ ನಿಂತಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೋಡುತ್ತಲೇ ಬರೆಯುತ್ತಿದ್ದೇನೆ, ಎಲ್ಲರೆದುರು ಓಡಿಹೋಗಿ ಹೇಗೆ ತಡೆಯಲಿ? ಯಾರಾದರೂ ಕೇಳಿದರೆ ಅತ್ತೆ ಹೇಳಿಬಿಡುತ್ತಾರೆ, ಸುಳ್ಳು ಅವರ ಬಾಯಲ್ಲಿ ಬರುವುದಿಲ್ಲ. ವಿಕಾಸ, ನೀಲಿಮಾ ಇಬ್ಬರೂ ಗೇಟಿನ ಹತ್ತಿರವೇ ಇದ್ದಾರೆ. ನೀಲಿಮಾ ಡಬ್ಬಿ ನೋಡಿದಳು. ಏನೋ ಕೇಳುತ್ತಿದ್ದಾಳೆ. ಅತ್ತೆ ಡಬ್ಬಿ ಕೆಳಗಿಟ್ಟರು, ಅವಳ ಕೈ ಹಿಡಿದುಕೊಂಡು ಹೇಳುತ್ತಿದ್ದಾರೆ. ನೀಲಿಮಾ ನಮ್ಮ ಗಿರಣಿಯ ಕಡೆ ತಿರುಗಿದಳು.